ಸಣ್ಣ ಕಾಲೇಜುಗಳ ದೊಡ್ಡ ಟೂರ್ನಿಗೆ ಈಗ ಬಂದಿರುವ ಕಷ್ಟ

ಮಾರ್ಚ್ ಬಂದರೆ ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್‌ನದ್ದೇ ಮಾತು. ಅಲ್ಲಿರುವ ಕನ್ನಡದವರೂ ಆಫೀಸಿನ ಸ್ನೇಹಿತರ ಜೊತೆ ಯಾರು ಯಾರನ್ನು ಸೋಲಿಸುತ್ತಾರೆ ಅಂತ ಪಟ್ಟಿ ತುಂಬುತ್ತಾ ಕೂರುತ್ತಾರೆ. ಡ್ಯೂಕ್, ಕೆಂಟಕಿ, ಕಾನ್ಸಾಸ್, ನಾರ್ತ್ ಕೆರೊಲಿನಾ ಹೆಸರುಗಳು ಆಟ ನೋಡದವರ ಕಿವಿಗೂ ಬಿದ್ದಿರುತ್ತವೆ. ಈ 68 ತಂಡಗಳ ಟೂರ್ನಿಯ ಟಿವಿ ಹಕ್ಕಿಗೆ ವರ್ಷಕ್ಕೆ ಸರಾಸರಿ 110 ಕೋಟಿ ಡಾಲರ್ ಸಿಗುತ್ತದೆ. ಅದೇ ಮಾರ್ಚ್‌ನಲ್ಲಿ ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿಯಲ್ಲಿ ಇನ್ನೊಂದು ರಾಷ್ಟ್ರೀಯ ಟೂರ್ನಿ ನಡೆಯುತ್ತದೆ. ಅದು ಈ ದೊಡ್ಡ ಟೂರ್ನಿಗಿಂತ ಎರಡು ವರ್ಷ ಹಳೆಯದು. ಅದರಲ್ಲಿ ಆಡುವ ಕಾಲೇಜುಗಳ ಹೆಸರು ಅಮೆರಿಕನ್ನರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಇದನ್ನು ನಡೆಸುವುದು ಎನ್‌ಎಐಎ ಅನ್ನುವ ಸಂಸ್ಥೆ. ದೊಡ್ಡ ಟೂರ್ನಿ ನಡೆಸುವ ಎನ್‌ಸಿಎಎಯ ಕೆಳಗೆ ಇದು ಬರುವುದಿಲ್ಲ, ಇದು ಬೇರೆಯೇ. ಎನ್‌ಸಿಎಎ ಒಳಗೆ ಮೂರು ಡಿವಿಷನ್‌ಗಳಿವೆ. ಟಿವಿಯಲ್ಲಿ ನಾವು ನೋಡುವುದು ಮೊದಲನೆಯದು. ಎರಡು ಮತ್ತು ಮೂರನೇ ಡಿವಿಷನ್‌ಗಳಿಗೂ ಅವುಗಳದ್ದೇ ಚಾಂಪಿಯನ್‌ಶಿಪ್‌ಗಳಿವೆ. ಮೂರನೇ ಡಿವಿಷನ್‌ನಲ್ಲಂತೂ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವಂತೆಯೇ ಇಲ್ಲ. ಇವೆಲ್ಲದರ ಪಕ್ಕದಲ್ಲಿ, ಸಣ್ಣ ಊರುಗಳ ಸಣ್ಣ ಕಾಲೇಜುಗಳು ಸೇರಿ ಕಟ್ಟಿಕೊಂಡಿದ್ದು ಎನ್‌ಎಐಎ. ಇದರಲ್ಲಿ ತುಂಬಾ ಕಾಲೇಜುಗಳು ಯಾವುದೋ ಚರ್ಚಿಗೆ ಸೇರಿದವು. ಒಟ್ಟು ವಿದ್ಯಾರ್ಥಿಗಳು ಒಂದೋ ಎರಡೋ ಸಾವಿರ, ಕೆಲವು ಕಡೆ ಅಷ್ಟೂ ಇಲ್ಲ. ನಮ್ಮ ಕಡೆ ಸಾವಿರ ಮಕ್ಕಳಿರುವ ಕಾಲೇಜು ಸಣ್ಣದೇನಲ್ಲ, ಆದರೆ ಸ್ವಂತ ಹಾಸ್ಟೆಲ್, ಮೆಸ್, ಸ್ಟೇಡಿಯಂ ಎಲ್ಲವನ್ನೂ ಮಕ್ಕಳ ಫೀಸಿನಿಂದಲೇ ನಡೆಸಬೇಕಾದ ಖಾಸಗಿ ಕಾಲೇಜಿಗೆ ಅದು ತೀರಾ ಕಡಿಮೆ. ಈ ಫೀಸಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಹೇಳುವುದೆಲ್ಲ ಅದರ ಸುತ್ತಲೇ ಇದೆ.

ಮೊದಲು ಇತಿಹಾಸ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಈ ಟೂರ್ನಿಯನ್ನು ದೊಡ್ಡದರ ಸಣ್ಣ ನಕಲು ಅಂದುಕೊಂಡವರೇ ಜಾಸ್ತಿ. 1935ರಲ್ಲಿ ಕಾನ್ಸಾಸ್ ಸಿಟಿ ಒಂದು ಹೊಸ ಮುನಿಸಿಪಲ್ ಆಡಿಟೋರಿಯಂ ಕಟ್ಟಿತು. ಅಷ್ಟರಲ್ಲಿ ಅಲ್ಲಿ ವರ್ಷ ವರ್ಷ ನಡೆಯುತ್ತಿದ್ದ ಹವ್ಯಾಸಿ ತಂಡಗಳ ರಾಷ್ಟ್ರೀಯ ಟೂರ್ನಿ ಡೆನ್ವರ್‌ಗೆ ಹೋಗಿಬಿಟ್ಟಿತ್ತು. ಕಟ್ಟಡ ಇದೆ, ಆಟ ಇಲ್ಲ. ಆಗ ಬೇಕರ್ ಯೂನಿವರ್ಸಿಟಿಯ ಎಮಿಲ್ ಲಿಸ್ಟನ್ ಸಣ್ಣ ಕಾಲೇಜುಗಳಿಗೆ ಒಂದು ರಾಷ್ಟ್ರೀಯ ಟೂರ್ನಿ ಮಾಡೋಣ ಅಂತ ಮುಂದೆ ಬಂದರು. ಅವರ ಜೊತೆ ನಿಂತವರು ಬ್ಯಾಸ್ಕೆಟ್‌ಬಾಲ್ ಆಟವನ್ನೇ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್. 1891ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಆಟ ಶುರುಮಾಡಿದ ಅವರು ಆಗ ವಯಸ್ಸಾಗಿ ಪಕ್ಕದ ಕಾನ್ಸಾಸ್ ರಾಜ್ಯದಲ್ಲೇ ಇದ್ದರು. 1937ರಲ್ಲಿ ಎಂಟು ತಂಡಗಳ ಮೊದಲ ಟೂರ್ನಿ ನಡೆಯಿತು. ಮರುವರ್ಷವೇ 32 ತಂಡ. ಎನ್‌ಸಿಎಎಯ ಟೂರ್ನಿ ಶುರುವಾಗಿದ್ದು 1939ರಲ್ಲಿ, ಅದೂ ಎಂಟೇ ತಂಡಗಳಿಂದ.

32 ತಂಡ, ಒಂದೇ ಕಟ್ಟಡ, ಒಂದೇ ವಾರ. ಗೆಲ್ಲಬೇಕೆಂದರೆ ಐದು ಆಟ ಗೆಲ್ಲಬೇಕಿತ್ತು, ನಡುವೆ ಉಸಿರಾಡುವಷ್ಟೂ ಬಿಡುವಿರಲಿಲ್ಲ. ಮೊದಲ ದಿನಗಳಲ್ಲಿ ಬೆಳಗ್ಗೆ ಶುರುವಾದ ಆಟ ರಾತ್ರಿವರೆಗೂ ನಡೆಯುತ್ತಲೇ ಇರುತ್ತಿತ್ತು. ಊರಿನ ಜಾತ್ರೆ ಥರ, ಜನ ಒಮ್ಮೆ ಒಳಗೆ ಹೋದರೆ ಇಡೀ ದಿನ ಅಲ್ಲೇ. ಯಾವ ಕಾಲೇಜಿನ ಪರಿಚಯವೂ ಇಲ್ಲದವರು ಯಾವುದೋ ಒಂದು ತಂಡವನ್ನು ಹಿಡಿದುಕೊಂಡು ಕೂಗುತ್ತಿದ್ದರು.

ಈ ಟೂರ್ನಿಯ ನಿಜವಾದ ದೊಡ್ಡತನ ಇರುವುದು ಬೇರೆ ಕಡೆ. ಶುರುವಿನಲ್ಲಿ ಇಲ್ಲೂ ಕಪ್ಪು ಆಟಗಾರರಿಗೆ ಅವಕಾಶ ಇರಲಿಲ್ಲ. 1947ರಲ್ಲಿ ಇಂಡಿಯಾನಾ ಸ್ಟೇಟ್ ತಂಡಕ್ಕೆ ಆಹ್ವಾನ ಬಂದಾಗ ಅದರ ಕೋಚ್ ಬರುವುದಿಲ್ಲ ಅಂದರು. ಯಾಕೆಂದರೆ ತಂಡದಲ್ಲಿದ್ದ ಕ್ಲಾರೆನ್ಸ್ ವಾಕರ್ ಕಪ್ಪು ಹುಡುಗ, ಅವನನ್ನು ಬಿಟ್ಟು ಬರಬೇಕಿತ್ತು. ಆ ಕೋಚ್ ಜಾನ್ ವುಡನ್. ಮುಂದೆ ಯುಸಿಎಲ್‌ಎಯಲ್ಲಿ ಹತ್ತು ಎನ್‌ಸಿಎಎ ಪ್ರಶಸ್ತಿ ಗೆದ್ದ ಅದೇ ವುಡನ್. 1948ರಲ್ಲಿ ನಿಯಮ ತೆಗೆದುಹಾಕಿದರು, ವಾಕರ್ ಆಡಿದ. ಆದರೂ ಕಾನ್ಸಾಸ್ ಸಿಟಿಯಲ್ಲಿ ತಂಡದ ಜೊತೆ ಒಂದೇ ಹೋಟೆಲಿನಲ್ಲಿ ಉಳಿಯಲು ಅವನಿಗೆ ಬಿಡಲಿಲ್ಲ. ಫೈನಲ್‌ನಲ್ಲಿ ಇಂಡಿಯಾನಾ ಸ್ಟೇಟ್ ಲೂಯಿವಿಲ್ ಎದುರು 82-70ರಿಂದ ಸೋತಿತು. ಆದರೆ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ರಾಷ್ಟ್ರೀಯ ಟೂರ್ನಿಯೊಂದರಲ್ಲಿ ಕಪ್ಪು ಆಟಗಾರ ಕೋರ್ಟಿಗೆ ಇಳಿದಿದ್ದು ಅದೇ ಮೊದಲು.

ಐದು ವರ್ಷದ ನಂತರ, 1953ರಲ್ಲಿ, ಎನ್‌ಎಐಎ ಕಪ್ಪು ಜನರ ಕಾಲೇಜುಗಳಿಗೇ ಸದಸ್ಯತ್ವ ಕೊಟ್ಟಿತು. ಅದು ಸುಮ್ನೆ ಬಂದದ್ದಲ್ಲ. ಜಾನ್ ಮೆಕ್ಲೆಂಡನ್ ಅನ್ನುವ ಕೋಚ್ ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದ್ದರು. ಅವರು ಕಾನ್ಸಾಸ್ ಯೂನಿವರ್ಸಿಟಿಯಲ್ಲಿ ನೈಸ್ಮಿತ್ ಅವರ ಹತ್ತಿರವೇ ಕಲಿತವರು. ಆದರೆ ಕಪ್ಪು ವಿದ್ಯಾರ್ಥಿ ಎಂಬ ಕಾರಣಕ್ಕೆ ಅದೇ ಯೂನಿವರ್ಸಿಟಿಯ ತಂಡದಲ್ಲಿ ಆಡಲು ಅವರಿಗೆ ಬಿಡಲಿಲ್ಲ. ಅವರು ಕೋಚ್ ಆಗಿದ್ದ ಟೆನೆಸಿ ಎ ಅಂಡ್ ಐ, ಅಂದರೆ ಈಗಿನ ಟೆನೆಸಿ ಸ್ಟೇಟ್, 1957, 1958, 1959 ಮೂರೂ ವರ್ಷ ಕಾನ್ಸಾಸ್ ಸಿಟಿಯಲ್ಲಿ ಚಾಂಪಿಯನ್. 1961ರಲ್ಲಿ ವಿಲಿಸ್ ರೀಡ್ ಇದ್ದ ಗ್ರ್ಯಾಂಬ್ಲಿಂಗ್ ಗೆದ್ದಿತು. 1970ರಿಂದ 1972ರವರೆಗೆ ಕೆಂಟಕಿ ಸ್ಟೇಟ್ ಮತ್ತೆ ಸತತ ಮೂರು ಸಲ ಗೆದ್ದಿತು, ಟ್ರಾವಿಸ್ ಗ್ರಾಂಟ್ ಆಡುತ್ತಿದ್ದ ಕಾಲ ಅದು. ಎನ್‌ಸಿಎಎ ಫೈನಲ್‌ನಲ್ಲಿ ಐವರು ಕಪ್ಪು ಆಟಗಾರರನ್ನು ಒಟ್ಟಿಗೆ ಇಳಿಸಿ ಟೆಕ್ಸಸ್ ವೆಸ್ಟರ್ನ್ ಗೆದ್ದ 1966ರ ಕಥೆ ಎಲ್ಲರಿಗೂ ಗೊತ್ತು, ಅದನ್ನು ಎಲ್ಲೆಡೆ ಹೇಳುತ್ತಾರೆ. ಮೆಕ್ಲೆಂಡನ್ ಹುಡುಗರು ಅದಕ್ಕೂ ಒಂಬತ್ತು ವರ್ಷ ಮೊದಲೇ ರಾಷ್ಟ್ರೀಯ ಪ್ರಶಸ್ತಿ ಎತ್ತಿದ್ದರು. ಇದನ್ನು ಯಾಕೆ ಅಷ್ಟೇ ಜೋರಾಗಿ ಹೇಳುವುದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಆಟಗಾರರ ವಿಷಯಕ್ಕೆ ಬಂದರೆ, ಮೈಕೆಲ್ ಜೋರ್ಡಾನ್ ಜೊತೆ ಶಿಕಾಗೊ ಬುಲ್ಸ್‌ನಲ್ಲಿ ಆಡಿದ ಸ್ಕಾಟಿ ಪಿಪ್ಪೆನ್, ಡೆನಿಸ್ ರಾಡ್‌ಮನ್ ಇಬ್ಬರೂ ಎನ್‌ಎಐಎ ಕಾಲೇಜುಗಳಿಂದ ಬಂದವರು. ಪಿಪ್ಪೆನ್ ಸೆಂಟ್ರಲ್ ಅರ್ಕಾನ್ಸಾಸ್‌ಗೆ ಸೇರಿದಾಗ ಅವನಿಗೆ ಸ್ಕಾಲರ್‌ಶಿಪ್ಪೇ ಇರಲಿಲ್ಲ. ನಾಲ್ಕು ವರ್ಷ ಅಲ್ಲೇ ಆಡಿ ಬೆಳೆದ, 1987ರಲ್ಲಿ ಎನ್‌ಬಿಎ ಡ್ರಾಫ್ಟಿನಲ್ಲಿ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಐದನೆಯವನಾಗಿ ಹೋದ. ಇವತ್ತು ಅಂಥ ಹುಡುಗ ಎರಡನೇ ವರ್ಷ ಮಿಂಚಿದರೆ ಮೂರನೇ ವರ್ಷ ಆ ಕಾಲೇಜಿನಲ್ಲಿ ಇರುತ್ತಾನಾ? ಇರುವುದಿಲ್ಲ.

ಈಗಿನ ಚರ್ಚೆ ಶುರುವಾಗುವುದೇ ಇಲ್ಲಿ. ಮೊದಲು ಕಾಲೇಜು ಬದಲಿಸಿದ ಆಟಗಾರ ಡಿವಿಷನ್ ಒಂದರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಿತ್ತು. 2018ರಲ್ಲಿ ಎನ್‌ಸಿಎಎ 'ಟ್ರಾನ್ಸ್‌ಫರ್ ಪೋರ್ಟಲ್' ತಂದಿತು, ಹೋಗಬೇಕು ಅಂತಿರುವವರು ಅದರಲ್ಲಿ ಹೆಸರು ಹಾಕಿದರೆ ಬೇರೆ ಕೋಚ್‌ಗಳು ಮಾತಾಡಿಸಬಹುದು. 2021ರಲ್ಲಿ ಒಂದು ಸಲ ಹೊರಗೆ ಕೂರದೆ ಬದಲಿಸಬಹುದು ಅಂದರು. 2024ರಲ್ಲಿ ಆ ಮಿತಿಯೂ ಹೋಯಿತು. ಅದರ ಜೊತೆಗೇ ದುಡ್ಡು ಬಂತು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸುವ ಜಾಹೀರಾತಿಗೆ ಹಣ ಪಡೆಯಬಹುದಾಯಿತು. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ಒಂದು ರಾಜಿಯ ಪ್ರಕಾರ ದೊಡ್ಡ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು, 2025-26ರಲ್ಲಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್‌ವರೆಗೆ. ಇದು ಅಲ್ಲಿನ ಆಟಗಾರರಿಗಷ್ಟೇ ಕೊಡುವ ಹಣ. ಎನ್‌ಎಐಎಯಲ್ಲಿ ಎಷ್ಟೋ ಕಾಲೇಜುಗಳ ಇಡೀ ವರ್ಷದ ಬಜೆಟ್ಟನ್ನು ಇದರ ಪಕ್ಕ ಇಟ್ಟು ನೋಡಬಹುದು, ಅಷ್ಟು ದೊಡ್ಡ ಮೊತ್ತ.

ಹೆಸರು-ಮುಖದ ಹಣಕ್ಕೆ ಮೊದಲು ಬಾಗಿಲು ತೆರೆದದ್ದೂ ಎನ್‌ಎಐಎಯೇ. ತಾನು ಇಂಥ ಕಾಲೇಜಿನ ಆಟಗಾರ ಅಂತ ಹೇಳಿಕೊಂಡು ಹಣ ಪಡೆಯಲು 2020ರ ಅಕ್ಟೋಬರ್‌ನಲ್ಲಿ, ಎನ್‌ಸಿಎಎಗಿಂತ ಒಂಬತ್ತು ತಿಂಗಳು ಮೊದಲೇ, ಅದು ಒಪ್ಪಿಗೆ ಕೊಟ್ಟಿತ್ತು. ಆದರೆ ಸಣ್ಣ ಊರಿನಲ್ಲಿ ಕೊಡುವವರು ಯಾರು? ಪಿಜ್ಜಾ ಅಂಗಡಿಯವರು, ಕಾರು ಮಾರುವವರು, ಅಷ್ಟೇ.

ಮಿಂಚಿದ ಹುಡುಗ ಹೇಗೆ ಎದ್ದು ಹೋಗುತ್ತಾನೆ ಅನ್ನುವುದಕ್ಕೆ ಉದಾಹರಣೆ ನ್ಯೂ ಆರ್ಲಿಯನ್ಸ್‌ನ ಲೊಯೊಲಾ. 1945ರಲ್ಲಿ ಈ ಟೂರ್ನಿ ಗೆದ್ದಿದ್ದ ಕಾಲೇಜು. 1972ರಲ್ಲಿ ಕ್ರೀಡೆಯನ್ನೇ ನಿಲ್ಲಿಸಿತ್ತು, ಸುಮಾರು ಎರಡು ದಶಕ ಆದ ಮೇಲೆ ಮತ್ತೆ ಶುರುಮಾಡಿತು. 2022ರಲ್ಲಿ ಅಲಬಾಮಾದ ಟಲ್ಲಡೀಗಾ ಕಾಲೇಜನ್ನು ಫೈನಲ್‌ನಲ್ಲಿ 71-56ರಿಂದ ಸೋಲಿಸಿ 77 ವರ್ಷಗಳ ನಂತರ ಮತ್ತೆ ಚಾಂಪಿಯನ್ ಆಯಿತು. ಆ ವರ್ಷ ಎನ್‌ಎಐಎಯ ಅತ್ಯುತ್ತಮ ಆಟಗಾರ ಆಗಿದ್ದು ಅವರ ಜ್ಯಾಕ್ ರೈಟ್‌ಸಿಲ್. ಮುಂದಿನ ಸೀಸನ್ನಿಗೆ ಅವನು ಡಿವಿಷನ್ ಒಂದರ ಮಾರ್ಕ್ವೆಟ್ ಯೂನಿವರ್ಸಿಟಿಯ ತಂಡದಲ್ಲಿದ್ದ. ಅವನದ್ದೇನೂ ತಪ್ಪಿಲ್ಲ. ದೊಡ್ಡ ವೇದಿಕೆ ಸಿಕ್ಕರೆ ಯಾರು ಬೇಡ ಅನ್ನುತ್ತಾರೆ, ಅಲ್ವಾ? ಕಾಲೇಜು ಬದಲಿಸಿದ್ದಕ್ಕೆ ಹುಡುಗರನ್ನು ಬೈಯುವವರ ಜೊತೆ ನಾನಿಲ್ಲ. ಕೋಚ್‌ಗಳು ಯಾವಾಗ ಬೇಕಾದರೂ ಹೋಗಬಹುದು, ಹುಡುಗರು ಮಾತ್ರ ಕೂತಿರಬೇಕು ಅನ್ನುವುದು ಯಾವ ನ್ಯಾಯ?

ಹಾಗೆ ನೋಡಿದರೆ ಇದು ಹಳೆಯದ್ದೇ. ಎಲ್ಜಿನ್ ಬೇಲರ್ 1954-55ರಲ್ಲಿ ಆಡಿದ್ದು ಕಾಲೇಜ್ ಆಫ್ ಐಡಾಹೊದಲ್ಲಿ. ಒಂದೇ ವರ್ಷಕ್ಕೆ ಅಲ್ಲಿಂದ ಸಿಯಾಟಲ್ ಯೂನಿವರ್ಸಿಟಿಗೆ ಹೋದ, 1958ರಲ್ಲಿ ಅದನ್ನು ಎನ್‌ಸಿಎಎ ಫೈನಲ್‌ಗೆ ಕರೆದೊಯ್ದ. ಮೇಲಕ್ಕೆ ಹೋಗುವುದು ಯಾವಾಗಲೂ ಇತ್ತು. ಈಗ ಬದಲಾಗಿರುವುದು ಅದರ ವೇಗ ಮತ್ತು ಸಂಖ್ಯೆ. ಹೋಗುವುದು ಒಬ್ಬರೇ ಅಲ್ಲ, ಇಡೀ ತಂಡವೇ ಕೋಚ್ ಸಮೇತ ಎದ್ದು ಹೋಗುತ್ತದೆ. ಎರಡನೇ ಡಿವಿಷನ್‌ನ ನಾರ್ತ್‌ವೆಸ್ಟ್ ಮಿಸೌರಿ ಸ್ಟೇಟ್ ನೋಡಿ. ಬೆನ್ ಮೆಕಾಲಂ ಅಲ್ಲಿ 2017, 2019, 2021, 2022, ಹೀಗೆ ನಾಲ್ಕು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 2024ರಲ್ಲಿ ಡ್ರೇಕ್ ಯೂನಿವರ್ಸಿಟಿಗೆ ಹೋದರು, ಜೊತೆಗೆ ಬೆನೆಟ್ ಸ್ಟರ್ಟ್ಸ್ ಸೇರಿ ನಾಲ್ವರು ಹುಡುಗರೂ ಹೋದರು. ಆ ಹುಡುಗರೇ ಮುಖ್ಯವಾಗಿದ್ದ ಡ್ರೇಕ್ ತಂಡ 2025ರ ಎನ್‌ಸಿಎಎ ಟೂರ್ನಿಯಲ್ಲಿ ಮಿಸೌರಿಯನ್ನು ಸೋಲಿಸಿತು. ಒಂದೇ ವರ್ಷಕ್ಕೆ ಕೋಚ್ ಅಯೋವಾಗೆ ಹೋದರು, ಸ್ಟರ್ಟ್ಸ್ ಕೂಡ ಹಿಂದೆಯೇ ಹೋದ. ಇದರಿಂದ ಒಂದು ವಿಷಯ ಸಾಬೀತಾಯಿತು: ಸಣ್ಣ ಕಾಲೇಜುಗಳಲ್ಲಿ ಆಡುವ ಆಟ ಕಳಪೆಯದ್ದಲ್ಲ. ದೊಡ್ಡವರು ಅದನ್ನು ನೋಡುತ್ತಿರಲಿಲ್ಲ ಅಷ್ಟೇ. ಈಗ ನೋಡುತ್ತಿದ್ದಾರೆ, ನೋಡಿದ್ದನ್ನು ಕರೆದುಕೊಂಡು ಹೋಗುತ್ತಿದ್ದಾರೆ.

ಆಟದ ಮಟ್ಟ ಇದರಿಂದ ಬಿತ್ತಾ ಅಂದರೆ, ನನಗೆ ಹಾಗನ್ನಿಸುವುದಿಲ್ಲ. ಮೇಲೆ ಹೋಗುವವರಂತೆ ಮೇಲಿಂದ ಕೆಳಗೆ ಬರುವವರೂ ಇದ್ದಾರೆ. ಡಿವಿಷನ್ ಒಂದರಲ್ಲಿ ಬೆಂಚ್ ಮೇಲೆ ಕೂತು ಬೇಸತ್ತವರು, ಎರಡು ವರ್ಷದ ಜೂನಿಯರ್ ಕಾಲೇಜು ಮುಗಿಸಿದವರು, ಆಫ್ರಿಕಾ, ಯುರೋಪಿನಿಂದ ಬಂದವರು. ಹಾಗಾಗಿ ಕಾನ್ಸಾಸ್ ಸಿಟಿಗೆ ಬರುವ ತಂಡಗಳಲ್ಲಿ 22-23 ವಯಸ್ಸಿನವರು ಜಾಸ್ತಿ, ಆಟ ಗಟ್ಟಿಯಾಗಿಯೇ ಇದೆ. ನಷ್ಟ ಆಗುತ್ತಿರುವುದು ಹೈಸ್ಕೂಲ್ ಮುಗಿಸಿ ಬರುವ 18ರ ಹುಡುಗನಿಗೆ. ಪಿಪ್ಪೆನ್ ಥರ ನಿಧಾನವಾಗಿ ಬೆಳೆಯುವವನಿಗೆ ಕಾಯುವ ಕೋಚ್ ಈಗ ಕಡಿಮೆ. ಊರಿನ ಜನಕ್ಕೂ ಅಷ್ಟೇ, ಒಬ್ಬ ಹುಡುಗನನ್ನು ನಾಲ್ಕು ವರ್ಷ ನೋಡಿ, ಹೆಸರು ಹಿಡಿದು ಕರೆಯುವಷ್ಟು ಹತ್ತಿರವಾಗುವುದು ತಪ್ಪಿಹೋಗುತ್ತಿದೆ.

ಆದರೆ ನನ್ನ ಮಟ್ಟಿಗೆ ಪೋರ್ಟಲ್‌ಗಿಂತ ದೊಡ್ಡ ವಿಷಯ ಬೇರೆ ಇದೆ. ಪತ್ರಿಕೆಗಳಲ್ಲಿ ಟೂರ್ನಿಯ ಬಗ್ಗೆ ಬರೆಯುವವರು ಅದನ್ನು ಮುಟ್ಟುವುದೇ ಕಡಿಮೆ. ದೊಡ್ಡ ಯೂನಿವರ್ಸಿಟಿಯಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ ಟಿಕೆಟ್, ಟಿವಿಯಿಂದ ದುಡ್ಡು ತರುತ್ತದೆ. ಸಣ್ಣ ಕಾಲೇಜಿನಲ್ಲಿ ತಂಡ ದುಡ್ಡು ತರುವುದು ಹುಡುಗರ ಫೀಸಿನಿಂದ. ಎನ್‌ಎಐಎಯಲ್ಲಿ ಪೂರ್ತಿ ಸ್ಕಾಲರ್‌ಶಿಪ್ ಸಿಗುವುದು ಕೆಲವರಿಗೆ ಮಾತ್ರ. ಉಳಿದವರಿಗೆ ಫೀಸಿನಲ್ಲಿ ಒಂದಿಷ್ಟು ರಿಯಾಯಿತಿ, ಬಾಕಿಯನ್ನು ಅವರೇ ಕಟ್ಟಬೇಕು, ಮನೆಯಿಂದಲೋ ಸಾಲ ಮಾಡಿಯೋ. ಅದಕ್ಕೇ ಒಂದು ತಂಡದಲ್ಲಿ ಹದಿನೈದು ಹುಡುಗರು ಸಾಕಾಗುವ ಕಡೆ ಇಪ್ಪತ್ತೈದು, ಮೂವತ್ತು ಹುಡುಗರನ್ನು ಸೇರಿಸಿಕೊಂಡು ಎರಡನೇ ತಂಡವನ್ನೂ ನಡೆಸುತ್ತಾರೆ. ಕೋಚ್‌ಗೆ ಗೆಲ್ಲುವುದರ ಜೊತೆ ಇಷ್ಟು ಹುಡುಗರನ್ನು ಕಾಲೇಜಿಗೆ ತರಬೇಕು ಅನ್ನುವ ಲೆಕ್ಕವೂ ಇರುತ್ತದೆ. ಇಂಥ ಕಾಲೇಜುಗಳಲ್ಲಿ ಕೆಲವು ಕಡೆ ಒಟ್ಟು ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ಯಾವುದಾದರೂ ಒಂದು ತಂಡದಲ್ಲಿರುತ್ತಾರೆ. ಆಟ ತೆಗೆದರೆ ಕ್ಲಾಸ್‌ರೂಮ್ ಖಾಲಿ.

ಈ ಲೆಕ್ಕ ಈಗ ಕೈಕೊಡುತ್ತಿದೆ. ಅಮೆರಿಕದಲ್ಲಿ 2007ರಲ್ಲಿ 43 ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದರು. 2008ರ ಆರ್ಥಿಕ ಕುಸಿತದ ನಂತರ ಹುಟ್ಟುವವರ ಸಂಖ್ಯೆ ಇಳಿಯುತ್ತಲೇ ಹೋಯಿತು. 2007ರ ಮಕ್ಕಳು ಕಾಲೇಜಿಗೆ ಬರುವ ವರ್ಷ ಲೆಕ್ಕ ಹಾಕಿ, 2025. ಅಂದರೆ ಇನ್ನು ಮುಂದೆ ವರ್ಷ ವರ್ಷ ಕಾಲೇಜಿಗೆ ಬರುವ ವಯಸ್ಸಿನವರೇ ಕಡಿಮೆ. ದೊಡ್ಡ ಯೂನಿವರ್ಸಿಟಿಗಳು ತಮ್ಮ ಸೀಟು ತುಂಬಿಕೊಳ್ಳುತ್ತವೆ, ಹೊಡೆತ ಬೀಳುವುದು ಕೆಳಗಿನವರಿಗೆ. ಆಗಲೇ ಶುರುವಾಗಿದೆ. ಎನ್‌ಎಐಎಯಲ್ಲಿದ್ದ ಅಯೋವಾ ವೆಸ್ಲಿಯನ್ 2023ರಲ್ಲಿ ಮುಚ್ಚಿತು. ಕ್ಯಾಲಿಫೋರ್ನಿಯಾದ ಸೇಂಟ್ ಕ್ಯಾಥರೀನ್ 2024ರಲ್ಲಿ. ನಾರ್ತ್ ಕೆರೊಲಿನಾದ ಸೇಂಟ್ ಆಂಡ್ರ್ಯೂಸ್ 2025ರಲ್ಲಿ. ಮಿಷಿಗನ್‌ನ ಸಿಯೆನಾ ಹೈಟ್ಸ್ 2025-26 ತನ್ನ ಕೊನೆಯ ವರ್ಷ ಎಂದು ಹೇಳಿತು. ಎನ್‌ಸಿಎಎಯ ಸಣ್ಣ ಕಾಲೇಜುಗಳೂ ಇದರಿಂದ ಹೊರತಲ್ಲ. ಮೂರನೇ ಡಿವಿಷನ್‌ನ ಬರ್ಮಿಂಗ್‌ಹ್ಯಾಮ್-ಸದರ್ನ್ 2024ರ ಮೇ 31ಕ್ಕೆ ಬಾಗಿಲು ಹಾಕಿತು, ಆ ದಿನ ಅದರ ಬೇಸ್‌ಬಾಲ್ ತಂಡ ರಾಷ್ಟ್ರೀಯ ಟೂರ್ನಿಯಲ್ಲಿ ಆಡುತ್ತಿತ್ತು. ಕಾಲೇಜೇ ಇಲ್ಲದ ತಂಡ!

ಟೂರ್ನಿಯ ರೂಪದಲ್ಲೂ ಈ ಒತ್ತಡ ಕಾಣುತ್ತದೆ. ತೊಂಬತ್ತರ ದಶಕದಲ್ಲಿ ಎನ್‌ಎಐಎ ಬ್ಯಾಸ್ಕೆಟ್‌ಬಾಲನ್ನು ಎರಡು ಡಿವಿಷನ್ ಮಾಡಿತ್ತು. 1994ರಿಂದ 2001ರವರೆಗೆ ಟೂರ್ನಿ ಟಲ್ಸಾಗೂ ಹೋಗಿತ್ತು, 2002ರಲ್ಲಿ ಕಾನ್ಸಾಸ್ ಸಿಟಿಗೆ ವಾಪಸ್ ಬಂತು. 2020ರದ್ದು ಕೋವಿಡ್‌ನಿಂದ ರದ್ದಾಯಿತು. 2020-21ರಿಂದ ಎರಡೂ ಡಿವಿಷನ್ ಸೇರಿಸಿ ಒಂದೇ ಟೂರ್ನಿ ಮಾಡಿದರು, ಅದರಲ್ಲಿ ಈಗ 64 ತಂಡ. ಮೊದಲ ಎರಡು ಸುತ್ತು ಬೇರೆ ಬೇರೆ ಕಾಲೇಜು ಊರುಗಳಲ್ಲಿ, ಗೆದ್ದ 16 ತಂಡಗಳು ಮಾತ್ರ ಕಾನ್ಸಾಸ್ ಸಿಟಿಗೆ. ಹಳೆಯ 32 ತಂಡಗಳ ವಾರವನ್ನು ಕಂಡವರಿಗೆ ಇದು ಇಷ್ಟವಾಗಿಲ್ಲ, ಅವರ ಬೇಸರ ಅರ್ಥವಾಗುತ್ತದೆ. ಆದರೂ ಈ ಬದಲಾವಣೆ ಸರಿ ಅನ್ನುವುದು ನನ್ನ ಅಭಿಪ್ರಾಯ. ಸಾವಿರ ಮೈಲಿ ಪ್ರಯಾಣ ಮಾಡಿ, ಒಂದು ಆಟ ಸೋತು ಮರುದಿನವೇ ವಾಪಸ್ ಹೋಗುವ ಖರ್ಚು ಉಳಿಯುತ್ತದೆ. ತಮ್ಮೂರಿನಲ್ಲೇ ರಾಷ್ಟ್ರೀಯ ಟೂರ್ನಿಯ ಆಟ ನೋಡುವ ಅವಕಾಶ ಹದಿನಾರು ಸಣ್ಣ ಊರುಗಳಿಗೆ ಸಿಗುತ್ತದೆ. ಆ ನಂತರ ಗೆದ್ದವರ ಪಟ್ಟಿಯನ್ನೂ ನೋಡಿ: 2021ರಲ್ಲಿ ಒಹಾಯೊದ ಶಾನೀ ಸ್ಟೇಟ್, 2022ರಲ್ಲಿ ಲೊಯೊಲಾ, 2023ರಲ್ಲಿ ಕಾಲೇಜ್ ಆಫ್ ಐಡಾಹೊ, 2024ರಲ್ಲಿ ಟೆನೆಸಿಯ ಫ್ರೀಡ್-ಹಾರ್ಡ್‌ಮನ್, 2025ರಲ್ಲಿ ಮತ್ತೆ ಐಡಾಹೊ. ಸೋತ ಕಡೆ 2022ರ ಟಲ್ಲಡೀಗಾ, 2024ರ ಲ್ಯಾಂಗ್‌ಸ್ಟನ್ ಎರಡೂ ಕಪ್ಪು ಜನರ ಹಳೆಯ ಕಾಲೇಜುಗಳು. ಮೆಕ್ಲೆಂಡನ್ ತೆರೆದ ಬಾಗಿಲಿನಿಂದ ಇವತ್ತೂ ತಂಡಗಳು ಬರುತ್ತಿವೆ.

ಇನ್ನು ಹಣದ ಹರಿವು ಹೇಗಿದೆ ನೋಡೋಣ. ಎನ್‌ಸಿಎಎ ತನ್ನ ಆದಾಯದಲ್ಲಿ ಎರಡನೇ ಡಿವಿಷನ್‌ಗೆ ಶೇ 4.37, ಮೂರನೆಯದಕ್ಕೆ ಶೇ 3.18 ಅಂತ ಎತ್ತಿಡುತ್ತದೆ. ಬ್ಯಾಸ್ಕೆಟ್‌ಬಾಲ್ ಟಿವಿ ಹಣದಲ್ಲಿ ಅದು ಚಿಕ್ಕ ಪಾಲು, ಆದರೂ ಆ ಡಿವಿಷನ್‌ಗಳ ಚಾಂಪಿಯನ್‌ಶಿಪ್ ನಡೆಯುವುದು ಅದರಿಂದಲೇ. ಎನ್‌ಎಐಎಗೆ ಅದೂ ಇಲ್ಲ. ಅದು ಬೇರೆ ಸಂಸ್ಥೆ. ಅಲ್ಲಿ ಬೆಳೆದ ಹುಡುಗ ದೊಡ್ಡ ಟೂರ್ನಿಯಲ್ಲಿ ಆಡಿ, ಅವನ ಆಟ ಟಿವಿಯಲ್ಲಿ ಬಂದು, ಅದಕ್ಕೆ ದುಡ್ಡು ಹುಟ್ಟಿದರೆ, ಅವನನ್ನು ಹುಡುಕಿ, ಆಡಿಸಿ, ಬೆಳೆಸಿದ ಕಾಲೇಜಿಗೆ ಒಂದು ಡಾಲರೂ ಬರುವುದಿಲ್ಲ. ಹೋದ ಹುಡುಗನ ಫೀಸು ನಷ್ಟ, ಬದಲಿ ಹುಡುಗನನ್ನು ಹುಡುಕುವ ಖರ್ಚು ಬೇರೆ.

ಫುಟ್‌ಬಾಲ್‌ನಲ್ಲಿ ಇದಕ್ಕೊಂದು ವ್ಯವಸ್ಥೆ ಇದೆ. ಆಟಗಾರ ಒಂದು ಕ್ಲಬ್‌ನಿಂದ ಇನ್ನೊಂದಕ್ಕೆ ಹಣಕ್ಕೆ ಹೋದಾಗ, ಆ ಮೊತ್ತದಲ್ಲಿ ಶೇ 5ರಷ್ಟನ್ನು ಅವನು 12ರಿಂದ 23ನೇ ವಯಸ್ಸಿನವರೆಗೆ ಆಡಿದ ಕ್ಲಬ್‌ಗಳಿಗೆ ಹಂಚಬೇಕು ಅನ್ನುವುದು ಫಿಫಾ ನಿಯಮ. ಆಫ್ರಿಕಾದ, ದಕ್ಷಿಣ ಅಮೆರಿಕದ ಎಷ್ಟೋ ಸಣ್ಣ ಕ್ಲಬ್‌ಗಳಿಗೆ ಈ ಹಣ ಆಸರೆ. ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲೂ ಇಂಥದ್ದೊಂದು ಬರಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಆಟಗಾರನಿಗೆ ಸಿಗುವ ಹಣದಿಂದ ಕತ್ತರಿಸಬಾರದು, ಅವನು ಹೋಗುವುದಕ್ಕೆ ತಡೆಯೂ ಆಗಬಾರದು. ಕರೆದುಕೊಂಡು ಹೋಗುವ ದೊಡ್ಡ ಕಾಲೇಜು ಪ್ರತ್ಯೇಕವಾಗಿ ಒಂದು ಸಣ್ಣ ಮೊತ್ತವನ್ನು ಹಳೆಯ ಕಾಲೇಜಿಗೆ ಕೊಡಬೇಕು. ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಫೀಸಿನಷ್ಟು ಆದರೂ ಸಾಕು, ದೊಡ್ಡವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಇದಕ್ಕೆ ಕಾನೂನಿನ ತೊಡಕಿದೆ. 2021ರಲ್ಲಿ ಅಲ್‌ಸ್ಟನ್ ಪ್ರಕರಣದಲ್ಲಿ (ಓದಿಗೆ ಸಂಬಂಧಿಸಿ ಆಟಗಾರರಿಗೆ ಕೊಡುವ ಸವಲತ್ತಿಗೆ ಮಿತಿ ಹಾಕಬಹುದಾ ಅನ್ನುವ ಪ್ರಕರಣ) ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟ ಮೇಲೆ, ಕಾಲೇಜುಗಳು ಒಟ್ಟಾಗಿ ಮಾಡುವ ಯಾವ ನಿಯಮವನ್ನೂ ಕೋರ್ಟುಗಳು ಪೈಪೋಟಿ ಕಾನೂನಿನ ಕಣ್ಣಿನಿಂದ ನೋಡುತ್ತವೆ. ಈ ಹಣ ಆಟಗಾರನ ಬೆಲೆಯನ್ನು ಇಳಿಸುತ್ತದೆ ಅಂತ ಯಾರಾದರೂ ಕೇಸ್ ಹಾಕಬಹುದು. ಅದಕ್ಕೇ ಮೊತ್ತ ಎಲ್ಲರಿಗೂ ಒಂದೇ ಇರಬೇಕು, ಸಣ್ಣದಿರಬೇಕು, ಎರಡು ಕಾಲೇಜುಗಳ ನಡುವೆ ಚೌಕಾಶಿಗೆ ಬಿಡಬಾರದು. ಅಮೆರಿಕದ ಸಂಸತ್ತಿನಲ್ಲಿ ಕಾಲೇಜು ಕ್ರೀಡೆಗೆ ಹೊಸ ಕಾನೂನು ತರುವ ಮಾತು ಕೆಲವು ವರ್ಷಗಳಿಂದ ನಡೆಯುತ್ತಿದೆ. ಅಲ್ಲಿ ಹೋಗಿ ಕೂತು ಮಾತಾಡುವವರು ದೊಡ್ಡ ಕಾನ್ಫರೆನ್ಸ್‌ಗಳವರೇ, ಅಂದರೆ ದೊಡ್ಡ ಕಾಲೇಜುಗಳು ಸೇರಿ ಮಾಡಿಕೊಂಡ ಗುಂಪುಗಳವರೇ ಜಾಸ್ತಿ. ಎನ್‌ಎಐಎಯವರು, ಜೂನಿಯರ್ ಕಾಲೇಜುಗಳವರು, ಎನ್‌ಸಿಎಎಯ ಕೆಳಗಿನ ಎರಡು ಡಿವಿಷನ್‌ನವರು ಒಟ್ಟಿಗೆ ಸೇರಿ, ನಮ್ಮ ಹುಡುಗರನ್ನು ತಡೆಯಬೇಡಿ, ಆದರೆ ನಮ್ಮ ಪಾಲು ಕೊಡಿ ಅಂತ ಆ ಮೇಜಿನ ಮುಂದೆ ಕೇಳಬೇಕು. ಇವರೆಲ್ಲರನ್ನೂ ಸೇರಿಸಿದರೆ ಡಿವಿಷನ್ ಒಂದಕ್ಕಿಂತ ಕಾಲೇಜುಗಳ ಸಂಖ್ಯೆ ಎಷ್ಟೋ ಪಟ್ಟು ಜಾಸ್ತಿ, ಅಮೆರಿಕದ ಎಷ್ಟೋ ಸಂಸದರ ಕ್ಷೇತ್ರಗಳಲ್ಲಿ ಇಂಥದ್ದೊಂದು ಕಾಲೇಜು ಸಿಗುತ್ತದೆ. ಕೇಳುವ ಬಲ ಅವರಿಗಿದೆ.